ಫೀಸು ಕಟ್ಟಿದ ಶಾಲೆಯಲ್ಲಿ ವಿಶೇಷ ಶಿಕ್ಷಕಿ ಎಲ್ಲಿದ್ದಾರೆ?

ಜೂನ್ ಬಂತೆಂದರೆ ಹೈದರಾಬಾದಿನ ಕೋಠಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ ಗದ್ದಲ ದಾಟಿದರೆ ಪುಸ್ತಕದಂಗಡಿಗಳ ಸಾಲು. ಶಾಲೆ ಕೊಟ್ಟ ಬುಕ್‌ಲಿಸ್ಟ್ ಹಿಡಿದ ಅಪ್ಪ ಅಮ್ಮಂದಿರು ಕೌಂಟರಿಗೆ ಮುತ್ತಿಕೊಂಡಿರುತ್ತಾರೆ. ಯಾವ ಕ್ಲಾಸು, ಯಾವ ಸಿಲಬಸ್ಸು ಎಂದಷ್ಟೇ ಕೇಳಿ ಅಂಗಡಿಯ ಹುಡುಗ ಅಟ್ಟದಿಂದ ಒಂದು ಕಟ್ಟು ಇಳಿಸಿ ಎದುರಿಗಿಡುತ್ತಾನೆ. ಇಂಗ್ಲಿಷು, ಹಿಂದಿ, ತೆಲುಗು, ಗಣಿತ, ಪರಿಸರ. ಹತ್ತಾರು ಶಾಲೆಗಳ ಮಕ್ಕಳಿಗೆ ಹೆಚ್ಚುಕಮ್ಮಿ ಅದೇ ಕಟ್ಟು.

ಅದೇ ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆಯಲ್ಲಿ ಇನ್ನೊಂದು ಸಾಲು. ಮಗುವಿಗೆ ಕಿವಿ ಎಷ್ಟು ಕೇಳುತ್ತದೆ ಎಂಬ ಆಡಿಯೋಗ್ರಾಮ್ ಮಾಡಿಸಲು ಬಂದವರು ಅಲ್ಲಿ ಕಾಯುತ್ತಿರುತ್ತಾರೆ. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ನಡೆಯುವ ಆಸ್ಪತ್ರೆ ಅದು. ಬೀದರ್, ಯಾದಗಿರಿ, ಕಲಬುರಗಿ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದೇ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳಿಗೆ ಇದೇ ರಾಜಧಾನಿಯಾಗಿತ್ತು. ಈ ನಗರದಲ್ಲೇ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಮನೆಗಳೂ ಕಾಚಿಗುಡ, ಸುಲ್ತಾನ್ ಬಜಾರ್ ಸುತ್ತ ಸಾಕಷ್ಟಿವೆ.

ಕೆಲವು ಮನೆಗಳು ಈ ಎರಡೂ ಸಾಲಿನಲ್ಲಿ ನಿಲ್ಲುತ್ತವೆ. ಮಗು ಖಾಸಗಿ ಶಾಲೆಯಲ್ಲಿದೆ, ಅದಕ್ಕೆ ಕಿವಿಯದೋ, ಕಣ್ಣಿನದೋ, ಓದುಬರಹದ್ದೋ ತೊಂದರೆಯೂ ಇದೆ. ಅದಕ್ಕೆ ಬೇಕಾದ ವಿಶೇಷ ಶಿಕ್ಷಣವನ್ನು ಕೊಡಬೇಕಾದವರು ಯಾರು? ಶಾಲೆಯೇ, ಸರ್ಕಾರವೇ, ಅಪ್ಪ ಅಮ್ಮನೇ? ‘ಮೂವರೂ ಸ್ವಲ್ಪ ಸ್ವಲ್ಪ’ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಕಾನೂನಿನ ಉತ್ತರ ಅದಕ್ಕಿಂತ ಖಚಿತವಾಗಿದೆ. ಬೀದಿಯಲ್ಲಿ ನಡೆಯುತ್ತಿರುವುದು ಅದರ ತದ್ವಿರುದ್ಧ.

ಖಾಸಗಿ ಶಾಲೆಗೆ ವಿನಾಯಿತಿ ಇಲ್ಲ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದು ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಪಟ್ಟಿಗೆ ಸೇರಿದ್ದು ಆಗಲೇ.

ಇದರ 16ನೇ ಕಲಂ ಅನ್ವಯಿಸುವುದು ಸರ್ಕಾರದಿಂದ ಹಣ ಪಡೆಯುವ ಶಾಲೆಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗೂ. ಅಂದರೆ ಗಲ್ಲಿಯ ಮೂರಂತಸ್ತಿನ ಇಂಗ್ಲಿಷ್ ಮೀಡಿಯಂ ಶಾಲೆಯೂ ಬಂತು, ಈಜುಕೊಳವಿರುವ ಅಂತರರಾಷ್ಟ್ರೀಯ ಶಾಲೆಯೂ ಬಂತು. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಸೌಕರ್ಯ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸಬೇಕು. 31ನೇ ಕಲಂ ಇನ್ನೂ ಮುಂದೆ ಹೋಗಿ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಕೊಟ್ಟಿದೆ.

ಇನ್ನು ಶಿಕ್ಷಣ ಹಕ್ಕು ಕಾಯ್ದೆ. ಅನುದಾನವಿಲ್ಲದ ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇ 25 ಸೀಟುಗಳನ್ನು ಮೀಸಲಿಡಬೇಕೆಂಬ ಅದರ ನಿಯಮ ಎಲ್ಲರಿಗೂ ಗೊತ್ತು. ಅಂಗವಿಕಲ ಮಕ್ಕಳನ್ನೂ ಆ ಮೀಸಲಿನ ‘ಅವಕಾಶವಂಚಿತ’ ಗುಂಪಿಗೆ ಸೇರಿಸಿದ 2012ರ ತಿದ್ದುಪಡಿ ಅಷ್ಟು ಜನರಿಗೆ ಗೊತ್ತಿಲ್ಲ. ಆದರೆ ಆ ಸೀಟು ಹೆಚ್ಚೆಂದರೆ ಶಾಲೆಯ ಬಾಗಿಲು ತೆರೆಸುತ್ತದೆ. ಒಳಗೆ ಹೋದ ಮಗುವಿಗೆ ಕಲಿಸುವವರು ಬೇಕಲ್ಲ?

ಹಣ ಹರಿಯುವ ಕಾಲುವೆ

ಇಲ್ಲೇ ತೊಡಕು ಶುರುವಾಗುವುದು. ವಿಶೇಷ ಅಗತ್ಯದ ಮಕ್ಕಳಿಗೆ ಸರ್ಕಾರದ ಹಣ ಬರುವುದು ಸಮಗ್ರ ಶಿಕ್ಷಾ ಯೋಜನೆಯ ಮೂಲಕ. ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಯಂತೆ ಅದು ಲೆಕ್ಕ ಹಾಕುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಭತ್ಯೆಯೂ ಉಂಟು. ಶ್ರವಣಯಂತ್ರ, ಗಾಲಿಕುರ್ಚಿ, ಬ್ರೈಲ್ ಪುಸ್ತಕ, ವಿಶೇಷ ಶಿಕ್ಷಕರ ಸಂಬಳ ಎಲ್ಲವೂ ಇದರಡಿ ಬರುತ್ತವೆ. ಆದರೆ ಈ ಲೆಕ್ಕ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳದ್ದು. ಅನುದಾನವಿಲ್ಲದ ಖಾಸಗಿ ಶಾಲೆಯ ಗೇಟಿನ ಬಳಿ ಬಂದಾಗ ಕಾಲುವೆ ಬತ್ತಿರುತ್ತದೆ.

ತೆಲಂಗಾಣದಲ್ಲಿ ಈ ಕೆಲಸಕ್ಕೆ ‘ಭವಿತ’ ಕೇಂದ್ರಗಳಿವೆ. ಅಲ್ಲಿ ಐಇಆರ್‌ಪಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಮಕ್ಕಳಿಗೆ ಕಲಿಸುತ್ತಾರೆ, ಫಿಸಿಯೋಥೆರಪಿಯೂ ಸಿಗುತ್ತದೆ. ಕರ್ನಾಟಕದಲ್ಲಿ ಇದೇ ಕೆಲಸ ಬಿಇಒ ಕಚೇರಿ, ಬಿಆರ್‌ಸಿಗಳ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ಹೆಗಲ ಮೇಲಿದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವವರೂ ಇವರೇ. ಇವರಿಗೆ ತಮ್ಮ ವ್ಯಾಪ್ತಿಯ ಸರ್ಕಾರಿ ಶಾಲೆಗಳನ್ನು ಸುತ್ತುವುದರಲ್ಲೇ ವಾರ ಮುಗಿದುಹೋಗುತ್ತದೆ. ಖಾಸಗಿ ಶಾಲೆಗೆ ಅವರು ಕಾಲಿಡದಿದ್ದರೆ ತಪ್ಪು ಅವರದಲ್ಲ, ಅವರನ್ನು ಅಲ್ಲಿಗೆ ಕಳಿಸುವ ಏರ್ಪಾಡೇ ಇಲ್ಲ.

ಹೈದರಾಬಾದ್ ನಗರದಲ್ಲಿ ಹೆಚ್ಚಿನ ಮಕ್ಕಳು ಓದುವುದು ಖಾಸಗಿ ಶಾಲೆಗಳಲ್ಲಿ. ಅವರೆಲ್ಲ ಉಳ್ಳವರ ಮಕ್ಕಳಲ್ಲ. ಕೋಠಿ, ಚಾದರ್‌ಘಾಟ್, ಮಲಕ್‌ಪೇಟೆಯ ಓಣಿಗಳಲ್ಲಿ ಆಟೋ ಓಡಿಸುವವರು, ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುವವರು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿರುತ್ತಾರೆ. ಆ ಪುಟ್ಟ ಶಾಲೆಗಳಿಗೂ ವಿಶೇಷ ಶಿಕ್ಷಕಿಗೆ ಸಂಬಳ ಕೊಡುವ ಶಕ್ತಿ ಇರುವುದಿಲ್ಲ. ಕಾಯ್ದೆ ಹೊರೆಯನ್ನು ಈ ಶಾಲೆಯ ಮೇಲೂ ಇಟ್ಟಿತು, ಅದನ್ನು ಹೊರಲು ಬೇಕಾದ ಬಲವನ್ನು ಯೋಜನೆ ಬೇರೆ ಶಾಲೆಗೆ ಕೊಟ್ಟಿತು. ನನಗೆ ಈ ವ್ಯವಸ್ಥೆಯ ಅತಿ ದೊಡ್ಡ ಬಿರುಕು ಕಾಣುವುದು ಇಲ್ಲಿಯೇ.

‘ಒಬ್ಬ ಶ್ಯಾಡೋ ಟೀಚರನ್ನು ನೀವೇ ಇಟ್ಟುಕೊಳ್ಳಿ’

ದೊಡ್ಡ ಶಾಲೆಗಳ ಕಥೆ ಬೇರೆ. ಸಿಬಿಎಸ್‌ಇ ತನ್ನ ಶಾಲೆಗಳೆಲ್ಲ ವಿಶೇಷ ಶಿಕ್ಷಕರನ್ನು ನೇಮಿಸಿಕೊಳ್ಳಬೇಕೆಂದು 2015ರಲ್ಲೇ ಹೇಳಿದೆ. ಇಷ್ಟಾದರೂ ಅಡ್ಮಿಷನ್ ಹೊತ್ತಿನಲ್ಲಿ ಅಪ್ಪ ಅಮ್ಮನಿಗೆ ಎದುರಾಗುವ ಮಾತು ಒಂದೇ: ‘ಸೇರಿಸಿಕೊಳ್ಳುತ್ತೇವೆ, ಆದರೆ ಮಗುವಿನ ಜೊತೆ ಕೂರಲು ಒಬ್ಬ ಶ್ಯಾಡೋ ಟೀಚರನ್ನು ನೀವೇ ಇಟ್ಟುಕೊಳ್ಳಿ.’ ಅವರ ಸಂಬಳ ಫೀಸಿನ ಮೇಲೆ ಇನ್ನೊಂದು ಫೀಸು. ಸಂಜೆಗೆ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ. ಅವು ಗಂಟೆ ಲೆಕ್ಕದಲ್ಲಿ.

ಶ್ಯಾಡೋ ಟೀಚರ್‌ಗಳಲ್ಲಿ ಶ್ರದ್ಧೆಯಿಂದ ದುಡಿಯುವವರು ಬಹಳ ಮಂದಿ. ಅವರಿಂದಲೇ ಶಾಲೆಯಲ್ಲಿ ಉಳಿದ ಮಕ್ಕಳಿದ್ದಾರೆ. ಆದರೆ ತರಬೇತಿಯೇ ಇಲ್ಲದವರನ್ನು ಕೂರಿಸಿ ‘ವಿಶೇಷ ಶಿಕ್ಷಣ ನಡೆಯುತ್ತಿದೆ’ ಎಂದರೆ ಅದು ಕಣ್ಣೊರೆಸುವ ಕೆಲಸ. ವಿಶೇಷ ಶಿಕ್ಷಣದಲ್ಲಿ ಡಿ.ಎಡ್ ಅಥವಾ ಬಿ.ಎಡ್ ಮುಗಿಸಿದವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 1992ರ ಕಾಯ್ದೆ ಹೇಳುವುದು ಅದನ್ನೇ. ನೋಂದಣಿ ಸಂಖ್ಯೆ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಬೇಕು ಎಂಬುದೂ ತೀರ್ಮಾನವಾಗಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟ ಮೇಲೆ ಕೇಂದ್ರ ಸರ್ಕಾರ 2022ರಲ್ಲಿ ಪ್ರಮಾಣ ನಿಗದಿ ಮಾಡಿತು: ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡಿ ತುಂಬಬೇಕೆಂದು ಕೋರ್ಟು 2025ರ ಮಾರ್ಚ್‌ನಲ್ಲಿ ಮತ್ತೆ ಹೇಳಬೇಕಾಯಿತು.

ಪುಟ ಮಡಿಸಿ ಕೂತ ಮಗು

ವಿಶೇಷ ಶಿಕ್ಷಕಿ ಮಾಡುವುದಾದರೂ ಏನು? ಕಿವಿ ಕೇಳದ ಮಗುವಿನಿಂದ ಶುರುಮಾಡೋಣ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಆಕೆ ಮಗುವನ್ನು ಪಕ್ಕಕ್ಕೆ ಕರೆದು, ತುಟಿ ಕಾಣದಂತೆ ಬಾಯಿ ಮರೆಮಾಡಿಕೊಂಡು ಒಂದೊಂದೇ ಸದ್ದು ಹೇಳುತ್ತಾರೆ: ಆ, ಈ, ಊ, ಮ್, ಶ್, ಸ್. ಮಗು ಕೇಳಿಸಿದ್ದನ್ನು ಹಿಂದಕ್ಕೆ ಹೇಳಬೇಕು. ಈ ಆರು ಸದ್ದುಗಳಲ್ಲಿ ಮಾತಿನ ಅತಿ ತಗ್ಗಿನ ಸ್ವರದಿಂದ ಅತಿ ಎತ್ತರದ ಸ್ವರದವರೆಗೆ ಎಲ್ಲವೂ ಅಡಗಿದೆ. ‘ಮ್’ ಕೇಳಿಸಿ ‘ಸ್’ ಕೇಳಿಸದಿದ್ದರೆ ಕಿವಿಯ ಯಂತ್ರದ ಹೊಂದಾಣಿಕೆ ಕೆಟ್ಟಿರಬಹುದು. ಯಾವುದೂ ಕೇಳಿಸದಿದ್ದರೆ ಬ್ಯಾಟರಿ ಮುಗಿದಿರಬೇಕು. ಎರಡು ನಿಮಿಷದ ಕೆಲಸ. ಅದು ನಡೆಯದ ಶಾಲೆಯಲ್ಲಿ ಲಕ್ಷಗಟ್ಟಲೆ ಬೆಲೆಯ ಇಂಪ್ಲಾಂಟ್ ಹಾಕಿಸಿಕೊಂಡ ಮಗು ಇಡೀ ದಿನ ಏನೂ ಕೇಳಿಸದೆ ಕೂತು ಮನೆಗೆ ಬರುತ್ತದೆ. ‘ಗಮನ ಕೊಡುವುದಿಲ್ಲ’ ಎಂದು ಡೈರಿಯಲ್ಲಿ ಷರಾ ಬರುತ್ತದೆ.

ಉಳಿದದ್ದು ತರಗತಿಯ ಟೀಚರಿಗೆ ಹೇಳಿಕೊಡಬೇಕಾದ ಸಣ್ಣ ಸಣ್ಣ ಸಂಗತಿಗಳು. ಬೋರ್ಡಿನತ್ತ ತಿರುಗಿ ಮಾತಾಡಬೇಡಿ, ತುಟಿ ಕಾಣಲಿ. ರಸ್ತೆ ಬದಿಯ ಕಿಟಕಿಯ ಪಕ್ಕ ಆ ಮಗುವನ್ನು ಕೂರಿಸಬೇಡಿ, ಸಿಟಿ ಬಸ್ಸಿನ ಸದ್ದನ್ನೂ ಯಂತ್ರ ಹಿಗ್ಗಿಸುತ್ತದೆ. ಹೊಸ ಪಾಠದ ಪದಗಳನ್ನು ಹಿಂದಿನ ದಿನವೇ ಬರೆದು ಮನೆಗೆ ಕಳಿಸಿ.

ಡಿಸ್ಲೆಕ್ಸಿಯಾ ಇರುವ ಮಗುವಿನ ತೊಂದರೆ ಹೊರಗೆ ಕಾಣುವುದೇ ಇಲ್ಲ. ಕೇಳಿದ ಪ್ರಶ್ನೆಗೆ ಬಾಯಲ್ಲಿ ಚುರುಕಾಗಿ ಉತ್ತರ ಹೇಳುತ್ತದೆ, ಓದಲು ಕೊಟ್ಟರೆ ಪುಟ ಮಡಿಸಿ ಕೂರುತ್ತದೆ. ‘ಅಕ್ಕ’ ಬರೆ ಎಂದರೆ ಒತ್ತು ಬಿಟ್ಟು ‘ಅಕ’ ಬರೆಯುತ್ತದೆ, ದೀರ್ಘ ಒಮ್ಮೆ ಇದ್ದರೆ ಇನ್ನೊಮ್ಮೆ ಇರುವುದಿಲ್ಲ. ವಿಶೇಷ ಶಿಕ್ಷಕಿ ಒಂದು ತಟ್ಟೆಯಲ್ಲಿ ರವೆ ಹರಡಿ, ಅಕ್ಷರವನ್ನು ಬೆರಳಲ್ಲಿ ಬರೆಯುತ್ತ ಜೋರಾಗಿ ಉಚ್ಚರಿಸಲು ಹೇಳುತ್ತಾರೆ. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯಲಿ ಎಂದು. ಓದುವಾಗ ಒಂದು ಸಾಲಷ್ಟೇ ಕಾಣುವಂತೆ ಸೀಳಿದ ರಟ್ಟಿನ ತುಂಡನ್ನು ಪುಟದ ಮೇಲೆ ಇಡುತ್ತಾರೆ. ಈ ಮಗು ಈ ಮೂರು ತಿಂಗಳಲ್ಲಿ ಏನು ಕಲಿಯಬೇಕು, ಯಾರು ಕಲಿಸಬೇಕು, ಕಲಿತಿದೆಯೆಂದು ಹೇಗೆ ನೋಡಬೇಕು ಎಂಬುದನ್ನು ಆ ಮಗುವೊಂದಕ್ಕಾಗಿಯೇ ಬರೆದಿಡುವ ಯೋಜನೆಗೆ ಐಇಪಿ ಎನ್ನುತ್ತಾರೆ. ಶಾಲೆಯನ್ನು ಕೇಳಬೇಕಾದ ಮೊದಲ ಕಾಗದ ಅದು.

ಮೂರು ಭಾಷೆ, ಮೂರು ಲಿಪಿ

ಹೈದರಾಬಾದಿನ ಕನ್ನಡದ ಮಗುವಿಗೆ ಇನ್ನೊಂದು ಭಾರ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲ ಬೋರ್ಡುಗಳ ಶಾಲೆಗಳಲ್ಲೂ ತೆಲುಗು ಕಲಿಸಬೇಕೆಂದು ತೆಲಂಗಾಣ 2018ರಲ್ಲಿ ಕಾಯ್ದೆ ಮಾಡಿತು. ನೆಲದ ಭಾಷೆ ಕಲಿಯಬೇಕೆನ್ನುವುದರಲ್ಲಿ ತಕರಾರಿಲ್ಲ. ಚುರುಕಾಗಿ ಓದುವ ಮಗು ಮೂರಲ್ಲ, ನಾಲ್ಕು ಲಿಪಿಯನ್ನೂ ಆಟವಾಡುತ್ತ ಕಲಿತುಬಿಡುತ್ತದೆ.

ಕಲಿಕಾ ನ್ಯೂನತೆಯ ಮಗುವಿಗೆ ಹಾಗಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳ ಹೋಲಿಕೆ ಉಳಿದವರಿಗೆ ಅನುಕೂಲ, ಇವರಿಗೆ ಬಲೆ. ಕನ್ನಡದ ತಲೆಕಟ್ಟು ಅಕ್ಷರದ ನೆತ್ತಿಯ ಮೇಲೆ ಮಲಗಿರುತ್ತದೆ, ತೆಲುಗಿನದು ಟೀಚರು ಹಾಕುವ ರೈಟ್ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ‘ಗ’, ‘ದ’ ಎರಡರಲ್ಲೂ ಬಹುಮಟ್ಟಿಗೆ ಒಂದೇ, ‘ಕ’, ‘ತ’ ಬೇರೆ ಬೇರೆ. ಅಕ್ಷರದ ರೂಪವನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾದ ಮಗು ಮನೆಯಲ್ಲಿ ಅಜ್ಜಿ ಕಲಿಸಿದ ಅಕ್ಷರವನ್ನು ತೆಲುಗು ಕಾಪಿಯಲ್ಲಿ ಬರೆದು ಕೆಂಪು ಗೀಟು ಹಾಕಿಸಿಕೊಳ್ಳುತ್ತದೆ. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಅದಕ್ಕೆ ಯಾವ ಭಾಷೆಯ ಪುಸ್ತಕ ಕಂಡರೂ ಹೆದರಿಕೆ.

ಇದಕ್ಕೆ ಪರಿಹಾರ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಲಿಪಿಕಾರ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಈ ಮೂರನ್ನೂ 17ನೇ ಕಲಂ ಹೆಸರು ಹಿಡಿದು ಹೇಳುತ್ತದೆ. ಸಿಬಿಎಸ್‌ಇ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಡುತ್ತದೆ, ಎರಡರ ಬದಲು ಒಂದೇ ಭಾಷೆ ಓದಲು ಬಿಡುತ್ತದೆ, ಗಣಿತದ ಬದಲು ಚಿತ್ರಕಲೆಯಂಥ ವಿಷಯ ಆರಿಸಿಕೊಳ್ಳಲೂ ದಾರಿಯಿದೆ. ರಾಜ್ಯದ ಬೋರ್ಡುಗಳಲ್ಲೂ ರಿಯಾಯಿತಿಗಳಿವೆ. ಒಂದೇ ತೊಂದರೆ: ಹತ್ತನೇ ತರಗತಿಯ ಅರ್ಜಿ ತುಂಬುವಾಗ ಇವು ನೆನಪಾದರೆ ತಡವಾಗಿರುತ್ತದೆ. ಯಾವ ಭಾಷೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಐದು ಅಥವಾ ಆರನೇ ತರಗತಿಯಲ್ಲೇ ಶಾಲೆಯ ಜೊತೆ ಕೂತು ತೀರ್ಮಾನಿಸಬೇಕು. ಕನ್ನಡವನ್ನು ಮನೆಯ ಮಾತಾಗಿ, ಕಥೆಯಾಗಿ, ಹಾಡಾಗಿ ಉಳಿಸಿಕೊಳ್ಳುವುದಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಮಗುವಿನೊಂದಿಗೆ ಕನ್ನಡ ಮಾತಾಡಿದ್ದರಿಂದಲೇ ಡಿಸ್ಲೆಕ್ಸಿಯಾ ಬಂತು ಎಂದು ಹೇಳುವವರಿದ್ದಾರೆ. ಅದು ಸುಳ್ಳು.

ಕಾಗದಪತ್ರ

ಈ ಬಾಗಿಲುಗಳೆಲ್ಲ ತೆರೆಯುವುದು ಅಂಗವೈಕಲ್ಯದ ಪ್ರಮಾಣಪತ್ರದಿಂದ. ಇಲ್ಲಿ ಜನ ಅದನ್ನು ಈಗಲೂ ‘ಸದರಂ ಸರ್ಟಿಫಿಕೇಟು’ ಎನ್ನುತ್ತಾರೆ. ದೇಶಕ್ಕೆಲ್ಲ ಒಂದೇ ಆದ ಯುಡಿಐಡಿ ಕಾರ್ಡು ಈಗ ಬಂದಿದೆ. 2016ರ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರ ಇಡೀ ದೇಶದಲ್ಲಿ ನಡೆಯುತ್ತದೆ. ಬೀದರಿನಲ್ಲಿ ಮಾಡಿಸಿಕೊಂಡು ಕೋಠಿಗೆ ಬಂದವರು ಮತ್ತೆ ಮೊದಲಿನಿಂದ ಅಲೆಯಬೇಕಿಲ್ಲ.

ಕಲಿಕಾ ನ್ಯೂನತೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. 2018ರ ಮಾರ್ಗಸೂಚಿ ಮೂರನೇ ತರಗತಿಯಲ್ಲಿ ಅಥವಾ 8 ವರ್ಷಕ್ಕೆ ಶಾಲೆಯಲ್ಲೇ ಮೊದಲ ತಪಾಸಣೆ ಆಗಬೇಕೆಂದಿತು. 8ಕ್ಕೆ ಪ್ರಮಾಣಪತ್ರ, 14 ಮತ್ತು 18ಕ್ಕೆ ಮರುಪರೀಕ್ಷೆ ಎಂದೂ ಅದು ಹೇಳಿತ್ತು. ಇದನ್ನೇ ಹಿಡಿದು ‘8 ತುಂಬಲಿ, ಆಮೇಲೆ ನೋಡೋಣ’ ಎನ್ನುವ ಶಾಲೆಗಳಿವೆ. ಒಪ್ಪಬೇಡಿ. ಪರೀಕ್ಷೆಯ ರಿಯಾಯಿತಿಗೆ ಪ್ರಮಾಣಪತ್ರ ಬೇಕು, ರವೆ ತಟ್ಟೆಗೆ ಬೇಡ. ತರಗತಿಯ ಶಿಕ್ಷಕರೇ ಮಕ್ಕಳನ್ನು ಗಮನಿಸಿ ತುಂಬಬಹುದಾದ ‘ಪ್ರಶಸ್ತ್’ ಎಂಬ ಆ್ಯಪನ್ನು ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದಿದೆ. 21 ಬಗೆಯ ತೊಂದರೆಗಳ ಲಕ್ಷಣ ಅದರಲ್ಲಿವೆ, ಖಾಸಗಿ ಶಾಲೆ ಬಳಸಲು ಅಡ್ಡಿಯೇನಿಲ್ಲ.

ಹೈದರಾಬಾದಿನಲ್ಲಿರುವವರ ಅದೃಷ್ಟವೆಂದರೆ ಸಿಕಂದರಾಬಾದಿನ ಮನೋವಿಕಾಸ ನಗರ. ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ 1984ರಿಂದ ಅಲ್ಲಿದೆ. ಶ್ರವಣದೋಷಕ್ಕೆ ಸಂಬಂಧಿಸಿದ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅಲ್ಲೇ. ಪರೀಕ್ಷೆ, ಸಲಹೆ, ಮನೆಯಲ್ಲಿ ಕಲಿಸುವ ತರಬೇತಿಗೆ ಅಲ್ಲಿಗೆ ಹೋಗುವವರಿಗೆ ಮಗು ಯಾವ ಶಾಲೆಯದು ಎಂಬುದು ತೊಡಕಾಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಅಮೆರಿಕ ಮಾಡಿದ್ದೇನು?

ಈ ಗೋಜಲು ನಮ್ಮೊಬ್ಬರದೇ ಅಲ್ಲ. ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಅಮೆರಿಕ 1975ರಲ್ಲಿ ಕಾಯ್ದೆ ಮಾಡಿತು, ಈಗ ಅದಕ್ಕೆ ಐಡಿಯಾ ಎಂಬ ಹೆಸರು. ಅಲ್ಲಿನ ಸರ್ಕಾರಿ ಶಾಲೆಯ ಮಗುವಿಗೆ ಪೂರ್ತಿ ಹಕ್ಕಿದೆ. ಅಪ್ಪ ಅಮ್ಮ ತಾವಾಗಿ ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೆ ಅಷ್ಟು ಹಕ್ಕಿಲ್ಲ. ಹಾಗೆಂದು ಅದನ್ನು ಕೈಬಿಟ್ಟೂ ಇಲ್ಲ. ತನ್ನ ವ್ಯಾಪ್ತಿಯ ಖಾಸಗಿ ಶಾಲೆಗಳಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆಂದು ಸ್ಥಳೀಯ ಶಿಕ್ಷಣ ಮಂಡಳಿಯೇ ಹುಡುಕಿ ಪಟ್ಟಿ ಮಾಡಬೇಕು, ಕೇಂದ್ರದಿಂದ ಬಂದ ಹಣದಲ್ಲಿ ಆ ಮಕ್ಕಳ ಸಂಖ್ಯೆಗೆ ತಕ್ಕ ಪಾಲನ್ನು ಅವರಿಗೇ ಖರ್ಚು ಮಾಡಬೇಕು. ಸ್ಪೀಚ್ ಥೆರಪಿಸ್ಟ್ ವಾರಕ್ಕೊಮ್ಮೆ ಖಾಸಗಿ ಶಾಲೆಗೆ ಹೋಗುವುದು ಹೀಗೆ.

ನಮ್ಮಲ್ಲಿ ಹಕ್ಕು ದೊಡ್ಡದು, ಏರ್ಪಾಡು ಶೂನ್ಯ. ಹುಡುಕುವ ಮತ್ತು ಪಾಲು ಹಂಚುವ ಆ ಎರಡು ಕೆಲಸವನ್ನಾದರೂ ನಮ್ಮ ರಾಜ್ಯಗಳು ಮಾಡಬೇಕು ಎಂಬುದು ನನ್ನ ಒತ್ತಾಯ. ಸಾಕಷ್ಟು ವಿಶೇಷ ಶಿಕ್ಷಕರು ಸಿಗುವವರೆಗೆ ಅಕ್ಕಪಕ್ಕದ ಶಾಲೆಗಳನ್ನು ಸುತ್ತುವ ಶಿಕ್ಷಕರನ್ನು ಬಳಸಿಕೊಳ್ಳಬಹುದೆಂದು 2021ರ ತೀರ್ಪೇ ಹೇಳಿದೆ. ಕೋಠಿಯ ನಾಲ್ಕೈದು ಸಣ್ಣ ಶಾಲೆಗಳು ಕೂಡಿ ಒಬ್ಬರಿಗೆ ಸಂಬಳ ಹಂಚಿಕೊಳ್ಳಬಹುದು, ಅದರಲ್ಲಿ ಒಂದು ಪಾಲನ್ನು ಸರ್ಕಾರ ಭರಿಸಬಹುದು. ಶಾಲೆಗೆರಡು ಮೂರು ಮಕ್ಕಳಂತೆ ಹತ್ತು ಮಕ್ಕಳಾದರೆ ಒಬ್ಬ ಶಿಕ್ಷಕಿಗೆ ಕೈತುಂಬ ಕೆಲಸ.

ಶಾಲೆ ಒಪ್ಪದಿದ್ದರೆ

ಬಾಯಿಮಾತಿನ ‘ನೋಡೋಣ’ಕ್ಕೆ ಸುಮ್ಮನಾಗಬೇಡಿ. ಮಗುವಿನ ಹೆಸರು, ತರಗತಿ, ತೊಂದರೆ, ಏನು ಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು, 2016ರ ಕಾಯ್ದೆಯ 16 ಮತ್ತು 17ನೇ ಕಲಂ ಉಲ್ಲೇಖಿಸಿ, ಪ್ರಿನ್ಸಿಪಾಲರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕೇಳುವುದು ಒಂದೇ ಬಾರಿಗೆ ಎಲ್ಲವೂ ಬೇಡ. ಮೊದಲ ಬೆಂಚು, ಬೆಳಗಿನ ಸದ್ದಿನ ಪರೀಕ್ಷೆ, ಐಇಪಿ, ತಿಂಗಳಿಗೊಂದು ಭೇಟಿ, ಇಷ್ಟರಿಂದ ಶುರುಮಾಡಿ. ಬಹಳಷ್ಟು ಶಾಲೆಗಳು ಕಾಗದ ಕಂಡ ಮೇಲೆ ಮಾತಿಗೆ ಕೂರುತ್ತವೆ.

ಕೂರದಿದ್ದರೆ ಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ. ಅಂಗವಿಕಲ ಮಕ್ಕಳ ದಾಖಲಾತಿ ಮತ್ತು ಸೌಕರ್ಯದ ವಿಷಯ ನೋಡಿಕೊಳ್ಳಲು ಅಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಅದೇ ಕಾಯ್ದೆಯ 2017ರ ನಿಯಮಗಳು ಹೇಳುತ್ತವೆ. ಅವರ ಹೆಸರು ಕೇಳಿ, ಅರ್ಜಿ ಅವರಿಗೇ ಕೊಡಿ. ಅದಕ್ಕೂ ಮೇಲೆ ರಾಜ್ಯದ ಅಂಗವಿಕಲರ ಆಯುಕ್ತರಿದ್ದಾರೆ. ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ಇದೆ. ‘ಬೇರೆ ಶಾಲೆ ನೋಡಿಕೊಳ್ಳಿ’ ಎಂಬ ಒತ್ತಡಕ್ಕೆ ಮಣಿದು ಟಿ.ಸಿ. ತೆಗೆದುಕೊಂಡರೆ ಮಾತ್ರ ಇವೆಲ್ಲ ಕೈತಪ್ಪುತ್ತವೆ, ಏಕೆಂದರೆ ದಾಖಲೆಯಲ್ಲಿ ಮಗು ಶಾಲೆ ಬಿಟ್ಟದ್ದು ಅಪ್ಪ ಅಮ್ಮನ ಇಚ್ಛೆಯಿಂದ ಎಂದಿರುತ್ತದೆ. ಟಿ.ಸಿ. ಅರ್ಜಿಗೆ ಸಹಿ ಹಾಕುವ ಮೊದಲು ಶಾಲೆ ಹೇಳಿದ ಕಾರಣವನ್ನು ಅದೇ ಅರ್ಜಿಯಲ್ಲಿ ನಿಮ್ಮ ಕೈಯಾರೆ ಬರೆಯಿರಿ.